ಹೊಳೆಗೆ ತುಂಬಿದ ಉಡಿ

ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಗೌರಕ್ಕ ಯಾವ ವಸ್ತುವಿನ ಮೇಲೆ ಪ್ರೀತಿ ಇಡುತ್ತಿದ್ದಳೋ ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಬರುತ್ತಿತ್ತು. ಟಿವಿ ರಿಮೋಟು, ದೇವರ ಫೋಟೊ, ಹೊಸ ಚಪ್ಪಲಿ, ಎಲ್ಲ ಕವರಿನೊಳಗೇ. ಇಳಕಲ್ಲಿನ ನಮ್ಮ ಮನೆಯಲ್ಲಿ ಕವರ್ ಇಲ್ಲದೆ ಓಡಾಡುತ್ತಿದ್ದವಳು ನಾನೊಬ್ಬಳೇ. ಅದಕ್ಕೆ ನನಗೆ ತುಸು ಬೇಜಾರೂ ಇತ್ತೆನ್ನಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಆಕೆಯ ಮಗಳು ಚೊಚ್ಚಲ ಬಸುರಿ. ಹೆರಿಗೆ ಸುಸೂತ್ರವಾಗಲೆಂದು ಗೌರಕ್ಕ ಕೂಡಲಸಂಗಮದಲ್ಲಿ ಹೊಳೆಗೆ ಉಡಿ ತುಂಬುವ ಹರಕೆ ಹೊತ್ತಳು. ನಮ್ಮ ಅತ್ತೆಯ ಕಾಲದಲ್ಲಿ ಹೊಳೆಯ ಉಡಿಯೆಂದರೆ ಅಕ್ಕಿ, ಅರಿಶಿನ ಕೊಂಬು, ರವಿಕೆ ಹೊಲಿಸಲು ನೂಲಿನ ಕುಬಸದ ಕಣ. ಬಾಳೆಲೆಯ ಮೇಲಿಟ್ಟು ತೇಲಿಬಿಟ್ಟರೆ ನೀರು ಒಂದೊಂದನ್ನೇ ಸಾವಕಾಶ ತೆಗೆದುಕೊಳ್ಳುತ್ತಿತ್ತು. ಈ ಸಲ ನೈಲಾನಿನ ಕಣ. ಅದೂ ಕ್ಯಾರಿಬ್ಯಾಗಿನಲ್ಲಿ, ಬಾಯಿಗೆ ಬಿಗಿಯಾದ ಗಂಟು.

"ಅಕ್ಕಾ, ಹೊಳಿಗೆ ಕೊಡೂದಕ್ಕ ಪ್ಯಾಕಿಂಗ್ ಯಾಕ?"

"ತೊಯ್ತದಲ್ಲ! ಹಸಿ ಕಣ ಯಾರರ ಉಡ್ಯಾಗ ಹಾಕ್ತಾರೇನು?"

ನಾನು ಕಲಿತ ಮಾರಲ್ ಸೈನ್ಸನ್ನು ಪಕ್ಕಕ್ಕಿಟ್ಟು, ಸಂಗಮದ ಮೆಟ್ಟಿಲಿಳಿದು ಗಂಟನ್ನು ನೀರಿಗೆ ಬಿಡಲು ನಾನೂ ಕೈ ಹಚ್ಚಿದೆ.

ಅಣೆಕಟ್ಟಿನ ನೀರು ಏರಿದ ಮೇಲೆ ದಂಡೆಗುಂಟ ಆಪಿನ ಹುಲ್ಲು ಆಳೆತ್ತರ ಬೆಳೆದಿತ್ತು. ಗಂಟು ತೇಲಿತು, ತಿರುಗಿತು, ಬಂದು ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಆಗಲೇ ಯಾರ್ಯಾರದೋ ಗಂಟುಗಳಿದ್ದವು. ಹಳೆಯವು ಬಿಸಿಲಿಗೆ ಹಪ್ಪಳವಾಗಿ, ಮುಟ್ಟಿದರೆ ಪುಡಿ. ಆ ಪುಡಿ ಕೆಸರಿನಲ್ಲಿ ಬಣ್ಣಬಣ್ಣವಾಗಿ ಮಿಂಚುತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಜಾಗ್ರಫಿ ಕಲಿಸುತ್ತಿದ್ದ ಕರಾವಳಿಯ ಸಿಸ್ಟರ್ ಒಬ್ಬರು, ಸಮುದ್ರದಂಚಿನ ಕಾಂಡ್ಲಾ ಗಿಡಗಳು ಹೊಳೆ ತಂದದ್ದನ್ನೆಲ್ಲ ಬೇರಿನಲ್ಲಿ ತಡೆದುಕೊಳ್ಳುತ್ತವೆ ಎನ್ನುತ್ತಿದ್ದರು. ತಡೆದದ್ದನ್ನು ಪಾಪ ಅವು ಏನು ಮಾಡಬೇಕೆಂದು ಕೇಳಲು ನಮಗ್ಯಾರಿಗೂ ತೋಚಿರಲಿಲ್ಲ.

ಗೌರಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. "ಗಂಗವ್ವ ತಗೊಳ್ಳಲಿಲ್ಲ ನೋಡು. ಇನ್ನ ನನ್ನ ಮಗಳ ಗತಿ ಏನು?"

ನಗುವ ಹೊತ್ತಲ್ಲ ಅದು. ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ಗಂಟು ತಂದೆ. ಬಿಚ್ಚಿ ಅಕ್ಕಿ, ಅರಿಶಿನ ಬಿಟ್ಟೆವು. ಮೀನುಗಳು ಬಂದವು, ಅಕ್ಕಿ ಹೋಯಿತು, ಗೌರಕ್ಕನ ಮುಖ ಅರ್ಧ ತಿಳಿಯಾಯಿತು. ಉಳಿದದ್ದು ಕಣ. ಬಿಟ್ಟರೆ ಮತ್ತೆ ಹುಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಉಡಿಗೆಂದು ತಂದದ್ದನ್ನು ಮರಳಿ ಮನೆಗೆ ಒಯ್ಯುವಂತಿಲ್ಲ. ಆಕೆ ನನ್ನತ್ತ ನೋಡಿದಳು.

"ಸೆರಗು ಒಡ್ಡು."

"ಅಕ್ಕಾ, ನಾ ಮುತ್ತೈದಿ ಅಲ್ಲ." ಗಂಡ ಹೋದ ಮೇಲೆ ನನಗೆ ಯಾರೂ ಉಡಿ ತುಂಬಿರಲಿಲ್ಲ.

"ಹೊಳಿಗೆ ಕೇಳಿದ್ನೇನು, ನೀ ಮುತ್ತೈದಿ ಹೌದೋ ಅಲ್ಲೋ ಅಂತ? ಒಡ್ಡಂದ್ರ ಒಡ್ಡು. ಇಂಗ್ಲಿಷ್ ಕಲ್ತಾಕಿ ಬಂದ್ಲು ಶಾಸ್ತ್ರ ಹೇಳಾಕ!"

ಒಡ್ಡಿದೆ. ಆಕೆ ಕಣವನ್ನು ಮಡಿಚಿ ನನ್ನ ಸೆರಗಿನಲ್ಲಿಟ್ಟಳು.

ಮಗಳು ಸುಖವಾಗಿ ಹೆತ್ತಳು. ನಾನು ಆ ನೈಲಾನಿನಲ್ಲಿ ಕುಬಸ ಹೊಲಿಸಿದೆ. ಬೇಸಿಗೆಯಲ್ಲಿ ತೊಟ್ಟರೆ ಒಲೆಯ ಮುಂದೆ ಕೂತ ಹಾಗೆ, ಆದರೂ ತೊಡುತ್ತೇನೆ. ಒಗೆದಾಗಲೆಲ್ಲ ಬಕೆಟ್ಟಿನಲ್ಲಿ ಕೂದಲಿಗಿಂತ ತೆಳುವಾದ ಎಳೆಗಳು ತೇಲುತ್ತವೆ. ಆ ನೀರನ್ನು, ಕೊನೆಗೆ ಹೊಳೆಯನ್ನೇ ಸೇರುವ ಮೋರಿಗೆ ಚೆಲ್ಲುವ ಮೊದಲು ಹಳೆಯ ಧೋತರದ ತುಂಡಿನಲ್ಲಿ ಸೋಸುತ್ತೇನೆ. ಎಲ್ಲ ಎಳೆ ಸಿಗುವುದಿಲ್ಲ, ಗೊತ್ತು. ಗೌರಕ್ಕ "ಹುಚ್ಚಿ" ಎನ್ನುತ್ತಾಳೆ. ಆದರೆ ಹೊಳೆ ಮುಂಬಾಗಿಲಲ್ಲೇ ಬೇಡವೆಂದದ್ದನ್ನು ಹಿತ್ತಲ ಬಾಗಿಲಿನಿಂದ ಕಳಿಸುವುದು ಒಳ್ಳೆಯ ಮ್ಯಾನರ್ಸ್ ಅಲ್ಲವಲ್ಲ.