ತಂಗಿಯ ಹೈಸ್ಕೂಲು

ಐವತ್ತರ ದಶಕದ ಮಾತು. ನಾನು ಎಂಟನೇ ಕ್ಲಾಸು ಮುಗಿಸಿದಾಗ ಪುತ್ತೂರಿನ ಕಾನ್ವೆಂಟ್ ಸಿಸ್ಟರುಗಳ ಶಾಲೆಯೂ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಹುಡುಗರ ಜೊತೆ ಕೂರಬೇಕು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಅದಕ್ಕೆ ಒಪ್ಪುವವರಲ್ಲ. ನಾನು ಮನೆಯಲ್ಲಿ ಕೂತೆ. ಎರಡು ವರ್ಷ ಕಳೆದು ತಂಗಿ ಎಂಟನೇ ಕ್ಲಾಸು ಮುಗಿಸುವ ಹೊತ್ತಿಗೆ ಸರಿಯಾಗಿ, ಸಿಸ್ಟರುಗಳು ಇಗರ್ಜಿಯ ಪಕ್ಕದ ಹಂಚಿನ ಕಟ್ಟಡಕ್ಕೆ ಇನ್ನೆರಡು ಕೋಣೆ ಸೇರಿಸಿ ಹೆಣ್ಣುಮಕ್ಕಳಿಗೆಂದೇ ಹೈಸ್ಕೂಲು ತೆರೆದರು. ಅವಳು ನಾಲ್ಕನೇ ಫಾರಂ, ಅಂದರೆ ಒಂಬತ್ತನೇ ಕ್ಲಾಸು, ಸೇರಿದಳು. ಎರಡು ವರ್ಷ ಓದು ಬಿಟ್ಟವಳಿಗೆ ಇನ್ನೆಂಥ ಶಾಲೆ ಎಂದು ಅಪ್ಪ ನನ್ನನ್ನು ಕಳಿಸಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಮರ್ಯಾದೆಯ ಬೇರೆ ಹೆಸರಿಲ್ಲ. ಬೆಳಿಗ್ಗೆ ಅವಳ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವವಳು ನಾನು, ಬುತ್ತಿ ಕಟ್ಟುವವಳೂ ನಾನು. ಸಂಜೆ ಬಂದವಳು ಸುಳ್ಯ, ಕಡಬ, ಸುಬ್ರಹ್ಮಣ್ಯದ ಕಡೆಯಿಂದ ಟ್ರಂಕಿನೊಂದಿಗೆ ಬಂದು ಬೋರ್ಡಿಂಗಿನಲ್ಲಿ ನಿಂತ ಹುಡುಗಿಯರ ಸುದ್ದಿ ಹೇಳುತ್ತಿದ್ದಳು. ಗಂಟೆ ಹೊಡೆದ ಮೇಲೆ ಮಾತಾಡಿದರೆ ವರಾಂಡದಲ್ಲಿ ಮೊಣಕಾಲೂರಿ ಕೂರಿಸುತ್ತಾರಂತೆ. ಆ ಶಿಕ್ಷೆಯ ಮೇಲೂ ನನಗೆ ಆಸೆ. ಅವಳು ಸ್ನಾನಕ್ಕೆ ಹೋದಾಗ ಅವಳ ಇಂಗ್ಲಿಷ್ ಪುಸ್ತಕ ತೆರೆದು, ಬಾಗಿಲ ಸದ್ದಾದ ಕೂಡಲೇ ಮುಚ್ಚಿಡುತ್ತಿದ್ದೆ.

ಹೊಲಿಗೆ ಮಾತ್ರ ಅವಳಿಗೆ ಬಾರದು. ಆ ಶಾಲೆಯಲ್ಲಿ ಲೆಕ್ಕ ಬಾರದಿದ್ದರೆ ನಡೆದೀತು, ಕಸೂತಿ ಬಾರದಿದ್ದರೆ ಕಷ್ಟ. ಹೊಲಿಗೆ ಕಲಿಸುತ್ತಿದ್ದುದು ಹೆಡ್‌ಮಿಸ್ಟ್ರೆಸ್ ಸಿಸ್ಟರೇ. ಅವರು ಮೇಲಿನ ಹೂವನ್ನು ನೋಡುವವರೇ ಅಲ್ಲ. "ಹಿಂದೆ ತೋರಿಸು" ಎಂದು ಬಟ್ಟೆ ಮಗುಚಿ, ಹಿಂಬದಿಯ ಗಂಟುಗಳನ್ನು ನೋಡಿ ಮಾರ್ಕು ಹಾಕುತ್ತಿದ್ದರು. ನನಗೂ ಕಲಿಸಿದವರು ಅವರೇ. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಾಗ ತಂಗಿ ಒಂದು ಮೇಜುಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕಾ, ನೀನೇ ಮಾಡಿ ಕೊಡು ಮಾರಾಯ್ತಿ" ಎಂದಳು. ಬೈಯುತ್ತಲೇ ಒಂದು ತಿಂಗಳು ಕೂತು ಮಾಡಿದೆ.

ಹೊರಗಿನಿಂದ ಬಂದ ಅತಿಥಿಗಳು ಅದಕ್ಕೆ ಮೊದಲ ಬಹುಮಾನ ಕೊಟ್ಟರು. ಅಮ್ಮನ ಜೊತೆ ನಾನೂ ನೋಡಲು ಹೋಗಿದ್ದೆ. ನನ್ನ ಬಟ್ಟೆಯ ಮೇಲೆ ಅವಳ ಹೆಸರಿನ ಚೀಟಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಅವಳು ಬಹುಮಾನ ಹಿಡಿದು ಇಳಿಯುವಾಗ ನನ್ನ ಕಡೆ ನೋಡಿ ನಕ್ಕಳು. ಸಂತೋಷಕ್ಕೇ ನಕ್ಕಿರಬೇಕು. ನನಗೆ ಮೈಯೆಲ್ಲ ಉರಿಯಿತು. ನೇರ ಹೆಡ್‌ಮಿಸ್ಟ್ರೆಸ್ಸರ ಬಳಿ ಹೋಗಿ, "ಅದು ಅವಳು ಮಾಡಿದ್ದಲ್ಲ ಸಿಸ್ಟರ್, ನಾನು ಮಾಡಿದ್ದು" ಎಂದುಬಿಟ್ಟೆ.

ಬಹುಮಾನ ವಾಪಸ್ಸು ಹೋಯಿತು. ನಾನು ಬಯಸಿದ್ದು ಅಷ್ಟೇ. ಆದರೆ ಸುದ್ದಿ ಅಪ್ಪನ ಕಿವಿಗೂ ಬಿತ್ತು. ದಿನವಿಡೀ ಕೋರ್ಟಿನಲ್ಲಿ ಊರವರ ಸುಳ್ಳು ಕೇಳಿ ಬರುವ ಅವರಿಗೆ ಮನೆಯಲ್ಲಿ ಸುಳ್ಳು ಕಂಡರಾಗದು.

"ಮೋಸ ಮಾಡುದು ಕಲಿಲಿಕ್ಕಾ ಹೈಸ್ಕೂಲು? ನಾಳೆಯಿಂದ ನೀನೂ ಮನೆಯಲ್ಲಿ ಕೂತ್ಕೋ" ಎಂದರು.

ತಂಗಿ ಅತ್ತಳೇ ಹೊರತು ಹೌದು, ಅಲ್ಲ ಎಂದು ಬಾಯಿ ಬಿಡಲಿಲ್ಲ. ನನ್ನನ್ನೂ ಬೈಯಲಿಲ್ಲ. ಮೂರು ದಿನ ಇಬ್ಬರೂ ಅಕ್ಕಿ ಆರಿಸುತ್ತಾ ಕೂತೆವು. ಅವಳೂ ನನ್ನ ಹಾಗೇ ಆದಳಲ್ಲ ಎಂದು ಮೊದಲ ದಿನ ಒಳಗೊಳಗೇ ಸಮಾಧಾನವಾಯಿತು. ಮೂರನೆಯ ದಿನ ಆ ಮುಖ ನೋಡಲಾಗಲಿಲ್ಲ.

ನಾಲ್ಕನೆಯ ದಿನ ಹೆಡ್‌ಮಿಸ್ಟ್ರೆಸ್ ಇನ್ನೊಬ್ಬ ಸಿಸ್ಟರನ್ನು ಜೊತೆ ಮಾಡಿಕೊಂಡು, ಬಿಳಿ ನಿಲುವಂಗಿಯ ಅಂಚಿಗೆಲ್ಲ ಕೆಂಪು ಧೂಳು ಹತ್ತಿಸಿಕೊಂಡು ಮನೆಗೇ ಬಂದರು. ಹುಡುಗಿಯನ್ನು ಕಳಿಸಿಕೊಡಿ ಎಂದು ಕೇಳಿದರು. ಅಪ್ಪ ನನ್ನನ್ನು ಸಾಕ್ಷಿಯಂತೆ ಎದುರು ನಿಲ್ಲಿಸಿದರು.

"ಸತ್ಯ ಹೇಳು. ಆ ಬಟ್ಟೆ ಯಾರು ಮಾಡಿದ್ದು?"

"ಅವಳೇ ಮಾಡಿದ್ದು. ಹೊಟ್ಟೆಕಿಚ್ಚಿಗೆ ನಾನು ಸುಳ್ಳು ಹೇಳಿದ್ದು."

ನನ್ನ ಕೈಯ ಹೊಲಿಗೆ ಸಿಸ್ಟರಿಗೆ ಗೊತ್ತಿಲ್ಲದ್ದಲ್ಲ. ಅವರು ನನ್ನನ್ನೇ ನೋಡಿದರು. ಅಪ್ಪ ನನ್ನ ಕೆನ್ನೆಗೆ ಒಂದು ಬಾರಿಸಿ, ತಂಗಿಗೆ ಶಾಲೆಗೆ ಹೋಗಲು ಹೇಳಿದರು.

ಮೆಟ್ಟಿಲಿಳಿಯುವ ಮುಂಚೆ ಸಿಸ್ಟರು ನನ್ನ ತಲೆಯ ಮೇಲೆ ಕೈಯಿಟ್ಟರು. "ನಮ್ಮ ಹೈಸ್ಕೂಲು ನಿನಗೆ ಎರಡು ವರ್ಷ ತಡ ಆಯ್ತು ಮಗಾ" ಎಂದರು. ಏಟು ಬಿದ್ದಾಗ ಬಾರದ ಅಳು ಆಗ ಬಂತು.

ಮರುದಿನ ತಂಗಿ ಶಾಲೆಗೆ ಹೊರಟಳು. ಅವಳು ರಸ್ತೆಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಆಗಲೂ ಹೊಟ್ಟೆ ಉರಿಯುತ್ತಲೇ ಇತ್ತು.