ಯಾರ ಮೌಲಾಲಿ?

ಇಪ್ಪತ್ತು ವರ್ಷ ಆಯ್ತು, ಶಹಾಬಾದದಾಗ ಟಪಾಲು ಹಂಚಾಕತ್ತೀನಿ. ಎಷ್ಟೋ ಮಂದಿ ಕಡೆ ಬೈಸಿಕೊಂಡೀನಿ, ಆದ್ರ ಭಾಗಮ್ಮ ಬೈದಂಗ ಯಾರೂ ಬೈದಿಲ್ಲ ಬಿಡ್ರಿ. ಖಣಿಯೊಳಗ ಫರ್ಸಿಕಲ್ಲು ಹೊರೋ ಹೆಣ್ಮಗಳು, ಗಂಡ ಸತ್ತು ಭಾಳ ದಿನ ಆಗಿತ್ತು. ಗಂಡ ಇದ್ದಾಗಲೇ, ಹುಟ್ಟಿದ ಮೂರು ಕೂಸು ಉಳಿಲಿಲ್ಲಂತ ಮೌಲಾಲಿ ದರ್ಗಾಕ್ಕ ಹರಕಿ ಹೊತ್ತಳು. ನಾಲ್ಕನೇದು ಉಳೀತು, ಅದಕ್ಕ ಮೌಲಾಲಿ ಅಂತನೇ ಹೆಸರಿಟ್ಟಳು. ಬಾಜೂ ಮನಿ ಮಾಶಾಬಿ ಮಗನ ಹೆಸರೂ ಅದೇ. ಯಾವ ತಾಯಿ ಕೂಗಿದ್ರೂ ಇಬ್ಬರೂ ಓಡಿ ಬರ್ತಿದ್ರು.

ದೊಡ್ಡ ಲಡಾಯಿ ನಡದಾಗ ಇಬ್ಬರೂ ವಾಡಿಯೊಳಗ ರೈಲು ಹತ್ತಿ ಮುಂಬೈಗೆ ಓಡಿ ಹೋದ್ರು. ಹಡಗಿನ ಫೌಜು ಸೇರೀವಿ ಅಂತ ಒಂದೇ ಕಾಗದ ಬಂತು, ನಾನೇ ಕೊಟ್ಟಿದ್ದೆ. ಕಾಗಿಣಾ ಹೊಳಿ ಬಿಟ್ಟರ ಬ್ಯಾರೆ ನೀರು ಕಂಡವರಲ್ಲ ಅವರು. ಲಡಾಯಿ ಮುಗೀತು, ರಜಾಕಾರರ ಗದ್ದಲನೂ ಮುಗೀತು, ಒಬ್ಬನೂ ಬರಲಿಲ್ಲ.

ಐವತ್ತನೇ ಇಸವಿಯೊಳಗ ಒಂದು ಡಬ್ಬಿ ಬಂತು. ಒಳಗ ಬೆಳ್ಳಿ ಪದಕ, ಒಂದು ಕಾಗದ. ಶಾಲಿ ಮಾಸ್ತರು ಓದಿ ಹೇಳಿದ್ರು: ಉರಿಯೋ ಹಡಗಿನ ಹೊಟ್ಟಿಯೊಳಗ ಇಳಿದಿಳಿದು ಆರು ಮಂದಿನ್ನ ಎತ್ತಿ ತಂದಾನ, ಕಡೀ ಸಲ ಇಳಿದವ ಮ್ಯಾಲ ಬಂದಿಲ್ಲ. ಹೆಸರು ಮೌಲಾಲಿ, ಊರು ಶಹಾಬಾದ. ಅಪ್ಪನ ಹೆಸರೇ ಇಲ್ಲ!

ಯಾರಿಗೆ ಕೊಡಬೇಕ್ರಿ ಅದನ್ನ? ಮೊದಲು ಭಾಗಮ್ಮನ ಮನಿಗೆ ಹೋದೆ.

"ನನ್ನ ಮಗ ಒಲಿ ಮುಂದ ಸುದ್ದಾ ಕುಂದ್ರತಿರಲಿಲ್ಲ, ಅವ ಬೆಂಕಿಯೊಳಗ ಇಳೀತಾನೇನು? ಒಯ್ಯಿ, ಬಾಜೂ ಮನಿದು ಅದು! ನಿನ್ನ ಬಾಯಾಗ ಮಣ್ಣು ಬೀಳಲಿ!" ಅಂದಳು.

ಮಾಶಾಬಿ ಡಬ್ಬಿ ಮುಟ್ಟಲೂ ಇಲ್ಲ. "ನಮ್ಮವ ಜೀವಂತ ಇದ್ದಾನ ಬೇಟಾ. ಭಾಗಮ್ಮನ ಮಗಂದು ಇರಬೇಕು," ಅಂದಳು.

ಮುಂಬೈದ ಫೌಜಿನ ಕಚೇರಿಗೆ ಮೂರು ಸಲ ಬರೆಸಿದೆ. ಹಡಗಿನ ಜೋಡಿ ಕಾಗದಪತ್ರನೂ ಸುಟ್ಟಾವಂತ ಜವಾಬು ಬಂತು. ಡಬ್ಬಿ ಮೂರು ವರ್ಷ ನಮ್ಮ ಟಪಾಲು ಕಚೇರಿ ಕಪಾಟಿನಾಗ ಬಿದ್ದಿತ್ತು. ಒಂದೇ ಬಾವಿ ನೀರು ಸೇದೋ ಆ ಇಬ್ಬರೂ ಮಾತು ಬಿಟ್ಟರು.

ಐವತ್ಮೂರರಾಗ ಮಾಶಾಬಿ ಹಾಸಿಗಿ ಹಿಡಿದಳು. ಅನ್ನ ನೀರು ಬಿಟ್ಟು ಮಗನ ಹೆಸರು ಕನವರಿಸಾಕತ್ತಿದ್ದಳು. ಒಂದಿನ ಮುಂಜಾನೆ ಭಾಗಮ್ಮ ಬಂದು ನನ್ನ ಮುಂದ ಕೈ ಚಾಚಿದಳು. "ಕೊಡು, ನನ್ನ ಮಗಂದೇ," ಅಂದು ಹೆಬ್ಬೆಟ್ಟು ಒತ್ತಿದಳು. ಸೀದಾ ಮಾಶಾಬಿ ಹಾಸಿಗಿ ಕಡೆ ಹೋಗಿ, "ಯಕ್ಕಾ, ಸತ್ತವ ನನ್ನವ. ನಿನ್ನವ ಬರ್ತಾನ. ಏಳು, ಗಂಜಿ ಕುಡಿ," ಅಂದಳು. ಮರುದಿನ ಅಯ್ಯನವರನ್ನ ಕರೆಸಿ, ಹೆಣ ಇಲ್ಲದ ಕುಣಿಯೊಳಗ ಮಗನ ಹಳೇ ಅಂಗಿ ಇಟ್ಟು ಮಣ್ಣು ಕೊಟ್ಟಳು. ಮಾಶಾಬಿ ಗಂಜಿ ಕುಡಿದಳು.

ಎರಡು ವರ್ಷಕ್ಕ ಮಾಶಾಬಿಗೆ ಖರೇನೇ ಸಾವು ಹತ್ರ ಬಂತು. ನನ್ನ ಕರೆಸಿ ದಿಂಬಿನ ಕೆಳಗಿಂದ ಒಂದು ತಾಯತ ತೆಗೆದಳು. ತಾನೇ ಮಗನ ಕೊರಳಿಗೆ ಕಟ್ಟಿದ್ದಂತ. ಹಡಗಿನೊಳಗ ಅವ ಎತ್ತಿ ತಂದ ಆರು ಮಂದಿಯೊಳಗ ಒಬ್ಬನ ಕೈಯಾಗ ಹರಿದು ಉಳಿದಿತ್ತು, ಅವನೇ ಹುಡುಕಿಕೊಂಡು ಬಂದು ಕೊಟ್ಟು ಹೋಗಿದ್ದ, ಪದಕ ಬರೋಕಿಂತ ಮೊದಲೇ.

"ಬಾಯಿ ಬಿಟ್ಟರ ಖರೇ ಆಗ್ತದಂತ ಹೇಳಲಿಲ್ಲ ಬೇಟಾ. ಆಕಿಗೆ ಹೇಳು," ಅಂದಳು.

ಓಡಿ ಹೋದೆ. "ಯವ್ವಾ, ಪದಕ ನಿಂದಲ್ಲ! ನಿನ್ನ ಮಗ ಎಲ್ಲ್ಯಾರ ಇರಬಹುದು!" ಅಂದೆ. ಖುಷಿ ಆಗ್ತಾಳ ಅಂದುಕೊಂಡಿದ್ದೆ, ಹುಚ್ಚ ನಾನು.

ಆಕಿ ಡಬ್ಬಿ ಎದಿಗೆ ಒತ್ತಿ ಹಿಡಿದಳು. "ಕೊಡಂಗಿಲ್ಲ. ಮಣ್ಣು ಕೊಟ್ಟೀನಿ. ಈಗ ಮತ್ತ ಬಾಗಿಲಾಗ ಕುಂತು ದಾರಿ ನೋಡು ಅಂತೀಯೇನು ತಮ್ಮಾ? ನನ್ನ ಕಡಿಂದ ಇನ್ನೊಮ್ಮೆ ಆಗಂಗಿಲ್ಲ."

ಆವತ್ತಿನಿಂದ ನನ್ನ ಚೀಲ ಓಣಿಯೊಳಗ ಕಂಡ್ರ ಸಾಕು, ಬಾಗಿಲು ಹಾಕ್ಕೋತಾಳ.