ದೊಡ್ಡ ಟೈರು ಕೊಟ್ಟ ಎಪ್ಪತ್ತು ಕಿಲೋಮೀಟರ್

ಡೀಸೆಲ್ ವಿಷಯದಲ್ಲಿ ಅವನಷ್ಟು ಜಿಪುಣ ಆ ಲಾರಿ ಕಂಪನಿಯಲ್ಲಿ ಇನ್ನೊಬ್ಬನಿರಲಿಲ್ಲ. ಉಳಿದ ಹತ್ತು ಲಾರಿಗಳ ಡ್ರೈವರುಗಳು ಸೇರಿ ಅವನಿಗೆ ತೊಟ್ಟಣ್ಣ ಅಂತ ಹೆಸರಿಟ್ಟಿದ್ದರು; ತೊಟ್ಟು ತೊಟ್ಟನ್ನೂ ಉಳಿಸುವವನು ಅಂತ. ಬೇರೆಯವರ ಗಾಡಿ ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಟ್ಟರೆ ಅದೇ ಹೆಚ್ಚು, ಅವನದು ನಾಲ್ಕು. "ನೀನು ಗಾಡಿ ಓಡಿಸ್ತೀಯೋ, ತಳ್ಕೊಂಡು ಬರ್ತೀಯೋ?" ಅಂತ ಅವರು ಕಿಚಾಯಿಸಿದರೆ, "ಬ್ರೇಕ್ ಒತ್ತೋನು ಡೀಸೆಲ್ ಚೆಲ್ಲೋನು ಕಣ್ರೋ. ಮುಂದೆ ನೋಡ್ಕೊಂಡು ಮೊದಲೇ ಕಾಲು ತೆಗೀರಿ" ಅಂತ ಉಪದೇಶ ಮಾಡುತ್ತಿದ್ದ. ಯಾರು ಕೇಳಬೇಕು!

ಇಂಥ ಮನುಷ್ಯ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮದುವೆಯಾದ. ನಗಬೇಡಿ. ಲೋಡು ಇಳಿಸುವಾಗ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡು, ದಾರಿಯ ಪಕ್ಕದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸು ಮೊದಲನೇ ದಿನವೇ ಬಂದು, "ಈ ಹಾಸಿಗೆಗೆ ಗ್ರೀಸ್ ಮೆತ್ತಿದವರು ಯಾರು? ನಿಮ್ಮಪ್ಪ ಬಂದು ಒಗೀತಾರಾ?" ಅಂತ ಝಾಡಿಸಿದಳು. ಅವಳಿಗೆ ನಲವತ್ತನಾಲ್ಕು. ಮೂರನೇ ವಾರದ ಹೊತ್ತಿಗೆ ಅವಳು ಬೈಯದ ದಿನ ಅವನಿಗೆ ಊಟವೇ ಸೇರುತ್ತಿರಲಿಲ್ಲ.

ಮದುವೆಯೇನೋ ಆಯಿತು, ಸಂಸಾರ ಆಗಲಿಲ್ಲ. ಅವಳ ತಾಯಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಮಗ್ಗುಲು ಬದಲಿಸಬೇಕಾದರೂ ಮಗಳೇ ಬೇಕು. ಆ ಮುದುಕಿಯನ್ನು ಆರುನೂರು ಕಿಲೋಮೀಟರ್ ಸಾಗಿಸುವಂತಿಲ್ಲ. ಇವನು ಅಲ್ಲಿಗೆ ಹೋಗಿ ಕೂರೋಣವೆಂದರೆ ಲಾರಿ ಡ್ರೈವರಿಗೆ ಆ ಊರಲ್ಲಿ ಕೆಲಸವಿಲ್ಲ, ಇಬ್ಬರ ಸಂಬಳವೂ ಬರದೆ ಅತ್ತೆಯ ಔಷಧಿ ನಡೆಯುವಂತಿಲ್ಲ. ವರ್ಷಕ್ಕೆ ಎರಡು ಸಲ ರಜೆ ಹಾಕಿ ಹೋಗುತ್ತಿದ್ದ. ಹಾಗೇ ಐದು ವರ್ಷ ಕಳೆಯಿತು.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಪ್ರತಿ ವಾರ ಅವನ ಲಾರಿ ಹೋಗುವುದು ಅದೇ ಹೆದ್ದಾರಿಯಲ್ಲಿ. ಹೋಗುವಾಗ ಆರುನೂರು, ಬರುವಾಗ ಆರುನೂರು. ಆ ಕೊನೆ ಮುಟ್ಟುವುದಕ್ಕೆ ಐವತ್ತು ಕಿಲೋಮೀಟರ್ ಇರುವಾಗ ಅವಳ ಊರಿಗೆ ಹೋಗುವ ಅಡ್ಡರಸ್ತೆ ಸಿಗುತ್ತದೆ. ತಿರುಗಿದರೆ ಮೂವತ್ತೈದು ಕಿಲೋಮೀಟರ್ ಅಷ್ಟೇ. ಆದರೆ ತಿರುಗುವಂತಿಲ್ಲ! ಗಾಡಿ ಎಲ್ಲಿದೆ ಅಂತ ಕೂತಲ್ಲೇ ತೋರಿಸುವ ಯಂತ್ರ ಆ ಕಂಪನಿಗೆ ಬಂದಿರಲಿಲ್ಲ ನಿಜ, ಯಜಮಾನರಿಗೆ ಮೀಟರೇ ಸಾಕಾಗಿತ್ತು. ಸಾವಿರದ ಇನ್ನೂರಕ್ಕಿಂತ ಹತ್ತು ಹೆಚ್ಚಾದರೆ ಬೀಗದ ಕೈ ಕೆಳಗಿಡು ಅನ್ನುವವರು. ತಂಗಿಯ ಮದುವೆಗೆಂದು ದಾರಿ ಬಿಟ್ಟು ಹೋದ ಒಬ್ಬ ಡ್ರೈವರನನ್ನು ಮಾರನೇ ದಿನವೇ ಮನೆಗೆ ಕಳಿಸಿದ್ದರು. ಹೀಗಾಗಿ ವಾರವಾರ ಆ ತಿರುವು ಬಂದಾಗ ತೊಟ್ಟಣ್ಣ ರಸ್ತೆಯ ಇನ್ನೊಂದು ಬದಿ ನೋಡುತ್ತಾ ಮುಂದೆ ಹೋಗುತ್ತಿದ್ದ.

ತೊಟ್ಟಣ್ಣನಿಗೆ ಐವತ್ತನಾಲ್ಕು ತುಂಬಿದ ವರ್ಷ ಯಜಮಾನರಿಗೆ ದೊಡ್ಡ ಟೈರಿನ ಹುಚ್ಚು ಹಿಡಿಯಿತು. ಎತ್ತರದ ಟೈರು, ನೋಡೋಕೆ ಗಂಭೀರ, ಗುಂಡಿ ಬಿದ್ದ ರಸ್ತೆಯಲ್ಲೂ ಸಾಮಾನು ಒಡೆಯೋದಿಲ್ಲ ಅಂತ ಯಾರೋ ತಲೆಗೆ ತುಂಬಿದ್ದರು. "ಮೊದಲು ನಿನ್ನ ಗಾಡಿಗೆ ಹಾಕಿಸ್ತೀನಿ ಕಣಯ್ಯ. ಡೀಸೆಲ್ ಜಾಸ್ತಿ ಕುಡಿದ್ರೆ ಅವತ್ತೇ ಬಿಚ್ಚಿಸ್ತೀನಿ" ಅಂದರು.

ಮೊದಲನೇ ಟ್ರಿಪ್ಪಿನಲ್ಲೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ಎಣಿಸುವುದು ಅವನ ಹಳೇ ಚಟ. ನೂರು ಕಲ್ಲು ದಾಟಿದಾಗ ಮೀಟರಿನಲ್ಲಿ ತೊಂಬತ್ತನಾಲ್ಕು ಚಿಲ್ಲರೆ. ಇನ್ನೂರಾದಾಗ ನೂರ ಎಂಬತ್ತೊಂಬತ್ತು. ಆಮೇಲೆ ಹೊಳೆಯಿತು. ಮೀಟರ್ ಎಣಿಸುವುದು ಚಕ್ರದ ಸುತ್ತನ್ನು, ರಸ್ತೆಯನ್ನಲ್ಲ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಆ ಹೆಚ್ಚಿನದು ಪಾಪ ಮೀಟರಿಗೆ ಗೊತ್ತೇ ಆಗುವುದಿಲ್ಲ. ಲೋಡು ಇಳಿಸಿ, ಕಾಗದದ ಮೇಲೆ ಕೂಡಿಸಿ ಕಳೆದು ನೋಡಿದ. ಸಾವಿರದ ಇನ್ನೂರ ಎಪ್ಪತ್ತು ಓಡಿದರೆ ಮೀಟರಿನಲ್ಲಿ ಬರುವುದು ಸಾವಿರದ ಇನ್ನೂರು. ಎಪ್ಪತ್ತು ಯಾರದೂ ಅಲ್ಲ. ಅವಳ ಊರಿಗೆ ಹೋಗಿ ಬರುವ ಎರಡು ಮೂವತ್ತೈದು.

ಮೂವತ್ತು ವರ್ಷದಲ್ಲಿ ಒಂದು ಲೀಟರೂ ಕದ್ದವನಲ್ಲ. ವಾಪಸ್ಸು ಬರುವಾಗ ಆ ತಿರುವು ಬಂತು, ಕೈ ತಾನಾಗಿ ಸ್ಟಿಯರಿಂಗ್ ತಿರುಗಿಸಿತು.

ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ ಲಾರಿ ನಿಂತಾಗ ಅವಳು ಹಗ್ಗದ ಮೇಲೆ ಬೆಡ್‌ಶೀಟ್ ಹರವುತ್ತಿದ್ದಳು. ಒದ್ದೆ ಕೈಯಲ್ಲೇ ಓಡಿ ಬಂದಳು. "ಏನ್ರೀ! ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಟೈರು ದೊಡ್ಡದಾಯ್ತು, ಅದಕ್ಕೆ ಬಂದೆ."

ಬಿಡಿಸಿ ಹೇಳಿದ ಮೇಲೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಕಳ್ಳ ಗಂಡ ಸಿಕ್ಕಿದ ನಂಗೆ!" ಅರ್ಧ ಗಂಟೆ ಇದ್ದ. ಸೋಪಿನ ನೀರಿಗೆ ಸುಕ್ಕಾದ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ಕೂತಿದ್ದ.

ಆದರೆ ಮೀಟರ್ ಮೋಸ ಹೋಗಬಹುದು, ಟ್ಯಾಂಕ್ ಮೋಸ ಹೋಗುತ್ತದೆಯೇ? ಎಪ್ಪತ್ತು ಕಿಲೋಮೀಟರಿಗೆ ಹದಿನೇಳು ಲೀಟರ್ ಬೇಕು. ಸಾಲದ್ದಕ್ಕೆ ದೊಡ್ಡ ಟೈರು ಭಾರ; ನಿಂತ ಗಾಡಿ ಎಬ್ಬಿಸುವಾಗ, ಏರು ಹತ್ತಿಸುವಾಗ ಇಂಜಿನ್ನಿಗೆ ಜೀವ ಬಾಯಿಗೆ ಬರುತ್ತದೆ. ಮೈಲೇಜ್ ಬಿದ್ದರೆ ಟೈರು ಬಿಚ್ಚುತ್ತಾರೆ. ಟೈರು ಬಿಚ್ಚಿದರೆ ಅವಳಿಲ್ಲ. ಅಷ್ಟೇ ಲೆಕ್ಕ.

ಹಾಗಾಗಿ ಅವನು ಜನ್ಮದಲ್ಲಿ ಓಡಿಸದ ಹಾಗೆ ಓಡಿಸಿದ. ಏರು ಕಾಣುವ ಮೊದಲೇ ಗೇರು ಇಳಿಸಿ ಇಂಜಿನ್ ಏದುಸಿರು ಬಿಡದಂತೆ ನೋಡಿಕೊಂಡ. ಸಮತಟ್ಟಿನಲ್ಲಿ ದೊಡ್ಡ ಟೈರು ಇಂಜಿನ್ನಿಗೆ ಆರಾಮ ಕೊಡುತ್ತದೆ ಅಂತ ಪತ್ತೆ ಮಾಡಿ, ಅಲ್ಲಿ ಒಂದೇ ವೇಗದಲ್ಲಿ, ಎಕ್ಸಲರೇಟರಿನ ಮೇಲೆ ಕಾಲಿಟ್ಟೂ ಇಡದ ಹಾಗೆ ಹೋದ. ದಿನಾ ಬೆಳಿಗ್ಗೆ ಗಾಳಿ ಅಳೆದ. ಹೊತ್ತು ಉಳಿಸಲು ಮಧ್ಯಾಹ್ನದ ನಿದ್ದೆ ಬಿಟ್ಟ. "ಟೈರನ್ನ ಮಗು ಥರ ಸಾಕ್ತಾನಲ್ಲಪ್ಪಾ" ಅಂತ ಉಳಿದವರು ಆಡಿಕೊಂಡರು. ಆಡಿಕೊಳ್ಳಲಿ! ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಅವಳು ಊಟದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದಳು. ಶುಕ್ರವಾರ ಬಂದರೆ ಅವನಿಗೆ ಮುಂದಿನ ಗುರುವಾರದ ಜ್ವರ.

ಆರು ತಿಂಗಳು, ಒಂದು ವಾರವೂ ಮೈಲೇಜ್ ನಾಲ್ಕಕ್ಕಿಂತ ಕೆಳಗೆ ಬರಲಿಲ್ಲ.

ಯಜಮಾನರು ಅವನನ್ನು ಆಫೀಸಿಗೆ ಕರೆದು ಕುರ್ಚಿ ತೋರಿಸಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ. "ಇಷ್ಟು ದಪ್ಪ ಟೈರಿನಲ್ಲೂ ನಾಲ್ಕು! ಇದು ಟೈರಿನ ಗುಣ ಅಲ್ಲ ಕಣಯ್ಯ, ನಿನ್ನ ಕೈಗುಣ. ಬೇರೆಯವನ ಕೈಗೆ ಕೊಟ್ರೆ ಮುಳುಗಿಸಿಬಿಡ್ತಾನೆ, ಹಳೇ ಟೈರನ್ನೇ ಹಾಕಿಸ್ತೀನಿ. ಸೋಮವಾರದಿಂದ ನೀನು ರೋಡಿಗೆ ಹೋಗ್ಬೇಡ. ಇಲ್ಲೇ ಕೂತು ಆ ಹತ್ತು ಜನಕ್ಕೆ ಓಡಿಸೋದು ಕಲಿಸು. ಸಂಬಳ ಜಾಸ್ತಿ."

ತೊಟ್ಟಣ್ಣನಿಗೆ ಕೂತ ಕುರ್ಚಿ ಕುಸಿದ ಹಾಗಾಯಿತು. "ಬೇಡ ಯಜಮಾನ್ರೇ. ನಂಗೆ ರೋಡೇ ಇರಲಿ."

"ಲೇ, ಸಂಕೋಚ ಬಿಡು. ವಯಸ್ಸಾಯ್ತು. ಇನ್ನು ಹೆಂಡತಿ ಮುಖ ನೋಡ್ಕೊಂಡು ನೆಮ್ಮದಿಯಾಗಿರು."

ಹೇಳಿಬಿಡಲೇ ಅಂತ ತುಟಿ ತನಕ ಬಂತು. ಬಾಯಿ ಬಿಟ್ಟರೆ ಬಣ್ಣಗೇಡು. ಆರು ತಿಂಗಳು ಗಾಡಿ ಕದ್ದು ಓಡಿಸಿದವನು ಅಂತಾಗಿ ಕೆಲಸವೇ ಹೋಗುತ್ತದೆ, ಅತ್ತೆಯ ಔಷಧಿ ನಿಲ್ಲುತ್ತದೆ. ಕೈ ಮುಗಿದು ಎದ್ದು ಬಂದ. ಹೊರಗೆ ಡ್ರೈವರುಗಳು, "ಮೇಷ್ಟ್ರೇ, ನಮಸ್ಕಾರ" ಅಂತ ಸಾಲಾಗಿ ನಿಂತು ಸಲಾಮು ಹೊಡೆದರು. ಮನಸಾರೆ ಸಂತೋಷಪಟ್ಟವರು ಅವರು, ಏನನ್ನುವುದು?

ಶೆಡ್ಡಿನ ಹಿಂದೆ ಹೋಗಿ ಫೋನ್ ಮಾಡಿದ.

"ಅಯ್ಯೋ, ಮೇಷ್ಟ್ರಾದ್ರಾ!" ಅಂತ ಅವಳು ಹಿಗ್ಗಿದಳು. "ಒಳ್ಳೇದಾಯ್ತು ಬಿಡಿ, ಬಿಸಿಲು ಧೂಳು ತಪ್ಪಿತು." ಆಮೇಲೆ ದನಿ ಸಣ್ಣದಾಯಿತು. "ಹಾಗಾದ್ರೆ ಗುರುವಾರ?"

"ಗುರುವಾರ ಇಲ್ಲ ಕಣೆ."

"ಬರೋ ಗುರುವಾರ?"

"ವಾರಕ್ಕೆ ಒಂದೇ ದಿನ ರಜಾ. ಬಸ್ಸಲ್ಲಿ ಅಲ್ಲಿಗೆ ಬರೋದಕ್ಕೇ ಒಂದು ದಿನ ಬೇಕು. ಮೊದಲಿನ ಹಾಗೇನೇ, ವರ್ಷಕ್ಕೆ ಎರಡು ಸಲ."

ಆ ಕಡೆ ಒಗೆಯುವ ಮಷೀನು ಗುಡುಗುಡು ಅನ್ನುತ್ತಿತ್ತು. "ಅಷ್ಟು ಚೆನ್ನಾಗಿ ಓಡಿಸು ಅಂತ ಯಾರು ಹೇಳಿದ್ರು ನಿಮಗೆ?" ಅಂದಳು ಅವಳು ಸಿಟ್ಟಿನಲ್ಲಿ. "ಸ್ವಲ್ಪ ಕೆಟ್ಟದಾಗಿ ಓಡಿಸೋಕೆ ಏನು ದಾಡಿ ಬಂದಿತ್ತು ರೀ?"

"ಕೆಟ್ಟದಾಗಿ ಓಡಿಸಿದ್ರೆ ಮೊದಲನೇ ತಿಂಗಳೇ ಟೈರು ಬಿಚ್ತಿದ್ರು. ನಿನ್ನ ನೋಡೋಕೇ ಅಲ್ವೇನೇ ಅಷ್ಟು ಚೆನ್ನಾಗಿ ಓಡಿಸಿದ್ದು?"

"ಸರಿ, ಫೋನ್ ಇಡ್ತೀನಿ" ಅಂತ ಅವನು ಫೋನ್ ಕಿವಿಯಿಂದ ತೆಗೆಯಲು ಹೋದ.

"ಇಡಬೇಡಿ," ಅಂದಳು. "ಊಟದ ಬಿಡುವು ಇನ್ನೂ ಮುಗಿದಿಲ್ಲ. ಮಾತಾಡದಿದ್ರೂ ಪರವಾಗಿಲ್ಲ, ಇಡಬೇಡಿ."